ಅಪ್ಪ ಬೇಡ ಅಂದ್ರು

ಫೆಬ್ರವರಿ 9

ಮಗಳೇ,

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಒಂದು ಲೋಟ ಚಹಾ ಕುಡಿದು ಬಂದೆ. ನಿನಗೆ ನಾನು ಇದುವರೆಗೆ ಒಂದು ಕಾಗದವನ್ನೂ ಬರೆದಿಲ್ಲ ಎನ್ನುವುದು ಆಗ ಹೊಳೆಯಿತು. ನಿಮ್ಮಮ್ಮ ಬರೆದದ್ದರ ಕೊನೆಗೆ 'ಅಪ್ಪ ಆಶೀರ್ವಾದ ತಿಳಿಸಿದ್ದಾರೆ' ಅಂತ ಒಂದು ಸಾಲು ಇರುತ್ತಿತ್ತಲ್ಲ, ಅಷ್ಟೇ ನನ್ನ ಪಾಲು. ಅದನ್ನೂ ಅವಳು ನನ್ನನ್ನು ಕೇಳಿ ಬರೆಯುತ್ತಿರಲಿಲ್ಲ ಅನ್ನು.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾವಿಬ್ಬರೂ ಮಾತಾಡುವ ಚಂದ ನಿನಗೂ ಗೊತ್ತು. 'ಊಟ ಆಯ್ತಾ?' 'ಆಯ್ತು. ನಿಮ್ದು?' 'ಆಯ್ತು.' ಆಮೇಲೆ ನೀನು 'ಅಮ್ಮಂಗೆ ಕೊಡಿ' ಅನ್ನುತ್ತಿದ್ದೆ, ನಾನು ಬದುಕಿದೆ ಅಂದುಕೊಂಡು ಕೊಟ್ಟುಬಿಡುತ್ತಿದ್ದೆ. ಈಗ ಅವಳು ತೀರಿಕೊಂಡಮೇಲೆ ಕೊಡೋಣ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ. ಹೋದ ಭಾನುವಾರ ಎರಡು ಸಲ 'ಆಯ್ತು' ಆದಮೇಲೆ ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಕೂತಿದ್ದೆವು. ನೀನು ಇಟ್ಟಮೇಲೂ ನಾನು ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ಇದ್ದೆ.

ಬಸ್ ಡಿಪೋದಲ್ಲಿ ನಮಗೊಂದು ಮಾತಿತ್ತು, ಥ್ರೂ ಪ್ರಾಪರ್ ಚಾನೆಲ್. ಡ್ರೈವರನಿಗೆ ರಜೆ ಬೇಕಾದರೆ ನೇರ ನನ್ನ ಕೋಣೆಗೆ ನುಗ್ಗುವ ಹಾಗಿಲ್ಲ. ಮೇಸ್ತ್ರಿಗೆ ಹೇಳಬೇಕು, ಮೇಸ್ತ್ರಿ ಗುಮಾಸ್ತನಿಗೆ, ಗುಮಾಸ್ತ ನನಗೆ. ನನ್ನ ಮೇಜಿಗೆ ಬರುವ ಹೊತ್ತಿಗೆ ಆ ಮಾತಿನ ಮೂಲೆಮೊನೆಯೆಲ್ಲ ಸವೆದು ನುಣ್ಣಗಾಗಿರುತ್ತಿತ್ತು. ಮನೆಯಲ್ಲಿ ನಿಮ್ಮಮ್ಮನೇ ಪ್ರಾಪರ್ ಚಾನೆಲ್. ನೀನು ಅವಳಿಗೆ ಹೇಳುತ್ತಿದ್ದೆ, ಅವಳು ನನಗೆ ಹೇಳುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಎಷ್ಟು ಮರ್ಯಾದೆಯ ಮಗಳು, ಅಪ್ಪನ ಮುಂದೆ ನಿಂತು ಮಾತಾಡುವುದಿಲ್ಲ ಅಂತ ಒಳಗೊಳಗೇ ಬೀಗುತ್ತಿದ್ದೆ. ಈಗ ಚಾನೆಲ್ ಕ್ಲೋಸ್ಡ್.

ನಮ್ಮ ಜವಾನ ನಿನಗೆ ನೆನಪಿರಬೇಕು, ರೇಡಿಯೋ ಅಂತ ಕರೆಯುತ್ತಿದ್ದೆವಲ್ಲ. ನಾನು ಕೆಮ್ಮಿದರೂ ಅದರ ಅರ್ಥ ಇಂಥದು ಅಂತ ವರ್ಕ್‌ಶಾಪಿನವರೆಗೆ ಮುಟ್ಟಿಸುತ್ತಿದ್ದ. ಒಂದು ದಿನ ಗೇಟಿನ ಹತ್ತಿರ ನಿಂತು, ಸುಮ್ಮನೆ ಮಾತಿಗೆ, 'ಈ ಗೋಡೆ ಮೊದಲು ಹಳದಿ ಇತ್ತಲ್ವಾ?' ಅಂದೆ. ಸೋಮವಾರ ಬಂದು ನೋಡಿದರೆ ಇಡೀ ಡಿಪೋ ಹಳದಿ. ಗೋಡೆ ಹಳದಿ, ನೀರಿನ ಟ್ಯಾಂಕು ಹಳದಿ, ಕಾವಲುಗಾರನ ಸ್ಟೂಲೂ ಹಳದಿ. ಅವನು ಬಣ್ಣ ಆರಿದೆಯೋ ಇಲ್ಲವೋ ನೋಡದೆ ಕೂತು, ದಿನವಿಡೀ ಹಿಂದೆ ಹಳದಿ ಹೊತ್ತುಕೊಂಡು ಓಡಾಡಿದ. ಯಾರಯ್ಯಾ ಹೇಳಿದ್ದು ಅಂದರೆ ಎಲ್ಲರದೂ ಒಂದೇ ಬಾಯಿ, 'ಸಾಹೇಬ್ರು ಹೇಳಿದಾರಂತೆ.' ಸಾಹೇಬ ಅಂದರೆ ನಾನೇ! ನಾನು ಬೈಯಲಿಲ್ಲ. ಬೈದರೆ ಹೇಳಿರಲಿಲ್ಲ ಅಂತ ಗೊತ್ತಾಗಿಬಿಡುತ್ತಿತ್ತು. ಹೇಳದೆಯೇ ಕೆಲಸ ಆಗುವುದಿದೆಯಲ್ಲ, ದೊಡ್ಡಸ್ತಿಕೆ ಅಂದರೆ ಅದೇ ಅಂತ ಆಗ ನನ್ನ ತಿಳುವಳಿಕೆ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಪ್ಯಾಸಿವ್ ವಾಯ್ಸ್ ಅಂತ ಒಂದನ್ನು ಅರೆದು ಅರೆದು ಕುಡಿಸಿದ್ದರು. ದಿ ವಾಲ್ ವಾಸ್ ಪೇಂಟೆಡ್. ಯಾರು ಬಳಿದರು, ಯಾರು ಬಳಿಸಿದರು, ಕೇಳಬೇಡ. ಗೋಡೆ ತಾನೇ ತಾನಾಗಿ ಹಳದಿಯಾಯಿತು. ಪರೀಕ್ಷೆಯಲ್ಲಿ ಅದು ನನಗೆ ಕೈಕೊಟ್ಟಿತು. ನೌಕರಿಗೆ ಸೇರಿದಮೇಲೆ ಕಲಿತದ್ದರಲ್ಲಿ ಅದೊಂದೇ ಉಪಯೋಗಕ್ಕೆ ಬಂತು.

ನಿನ್ನೆ ಹಾಲು ಒಲೆಯ ಮೇಲಿಟ್ಟು ಪೇಪರ್ ಹಿಡಿದು ಕೂತಿದ್ದೆ. ಸುಂಯ್ ಅಂತ ಸದ್ದು ಬಂತು. ಕೂತಲ್ಲಿಂದಲೇ 'ಹಾಲು ಉಕ್ಕುತ್ತಾ ಇದೆ' ಅಂದೆ. ಗಟ್ಟಿಯಾಗಿಯೇ ಅಂದೆ. ಹಾಲು ಉಕ್ಕಿ, ಒಲೆ ಆರಿ, ನೆಲದವರೆಗೂ ಹರಿಯಿತು. ಒರೆಸುವಾಗ ಯೋಚನೆ ಬಂತು, ನಾನು ಯಾರಿಗೆ ಹೇಳಿದೆ?

ಏನೋ ಹೇಳಲು ಹೊರಟು ಎಲ್ಲೋ ಹೋದೆ. ಮೊಮ್ಮಗಳಿಗೆ ರಜೆ ಬಂದಾಗ ಇತ್ತ ಬಂದರೆ ಆಗಬಹುದು. ಮನೆ ಖಾಲಿ ಇದೆ.

ಆಶೀರ್ವಾದದೊಂದಿಗೆ (ಈ ಸಲ ನಾನೇ ಬರೆದದ್ದು),
ಅಪ್ಪ

*

ಫೆಬ್ರವರಿ 27

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಬಿಳಿ ಮಾತ್ರೆ ಬೆಳಿಗ್ಗೆ, ಅರ್ಧ ಗುಲಾಬಿ ಬಣ್ಣದ್ದು ರಾತ್ರಿ. ಅಮ್ಮ ಡಬ್ಬಿಯ ಮೇಲೆ ಬರೆದಿಟ್ಟಿದ್ದಾಳೆ.

ಇಲ್ಲಿ ಗೋದಾಮಿನಲ್ಲಿ ಕೆಲಸ ಮೈಮೇಲೆ ಬಂದಿದೆ. ಎರಡು ಹಡಗು ಒಟ್ಟಿಗೆ ಬಂದು ನಿಂತಿವೆ, ಇಳಿಸಿದ ಸರಕಿಗೆ ಜಾಗ ಹೊಂದಿಸುವುದೇ ನನ್ನ ಪಾಡು. ನಿಮ್ಮ ಚಿನಕುರಳಿ ಮೊಮ್ಮಗಳು ಚೆನ್ನಾಗಿದ್ದಾಳೆ. ಪರೀಕ್ಷೆ ಮುಗಿಯುತ್ತ ಬಂತು. ಬಾಯಿ ಮಾತ್ರ ಮುಗಿಯುವುದಿಲ್ಲ.

ರಜೆಯಲ್ಲಿ ಬರುವುದು ನೋಡೋಣ.

ಹಾಲು ಇಟ್ಟಾಗ ಪಕ್ಕದಲ್ಲೇ ನಿಂತಿರಿ.

ನಿಮ್ಮ ಮಗಳು

*

ಮಾರ್ಚ್ 30

ಮಗಳೇ,

ನಿನ್ನ 'ನೋಡೋಣ' ಓದಿ ನಗು ಬಂತು. ಅದು ನನ್ನದೇ ಸರಕು. ಡಿಪೋದಲ್ಲಿ ನಾನು ನೋಡೋಣ ಅಂದರೆ ಆಗುವುದಿಲ್ಲ ಅಂತ ಅರ್ಥ ಎನ್ನುವುದು ಹೊಸದಾಗಿ ಸೇರಿದ ಕ್ಲೀನರನಿಗೂ ತಿಳಿದಿತ್ತು.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಿನ್ನೆ ನಿನ್ನ ಮಗಳು ಫೋನ್ ಮಾಡಿದ್ದಳು. ನಿನಗೆ ಗೊತ್ತಿದೆಯೋ ಇಲ್ಲವೋ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

'ತಾತ, ನಾನು.'

'ಊಟ ಆಯ್ತಾ?'

'ಬೆಳಿಗ್ಗೆ ಹತ್ತು ಗಂಟೆಗೆ ಯಾವ ಊಟ ತಾತ? ಒಂದು ಕೇಳ್ಬೇಕಿತ್ತು. ಬೈಬಾರ್ದು.'

'ಕೇಳು.'

'ನೀವ್ಯಾಕೆ ಬೇಡ ಅಂದ್ರಿ?'

'ಯಾವುದಕ್ಕೆ?'

'ಯಾವುದಕ್ಕೆ ಅಂತ ನೆನಪಿಲ್ದೇ ಇರೋ ಅಷ್ಟಕ್ಕೆ ಬೇಡ ಅಂದಿದೀರಾ? ಕ್ರೇನ್, ತಾತ, ಕ್ರೇನು! ಬಂದರಿನ ಕ್ರೇನ್ ನಡೆಸೋ ಟ್ರೈನಿಂಗು. ನಾನು ಸೆಲೆಕ್ಟ್ ಆಗಿದೀನಿ. ಅಮ್ಮ ಮೊದಲು ಏನೂ ಅನ್ಲಿಲ್ಲ. ಆಮೇಲೆ ಒಂದಿನ ಬಂದು, ತಾತ ಬೇಡ ಅಂದ್ರು, ಇನ್ನು ಅದರ ಮಾತೆತ್ತಬೇಡ ಅಂದ್ಳು.'

ನನಗೆ ಕ್ರೇನೂ ಗೊತ್ತಿಲ್ಲ, ಟ್ರೈನಿಂಗೂ ಗೊತ್ತಿಲ್ಲ. ಆದರೆ ಹಾಗಂತ ಬಾಯಿಗೆ ಬರಲಿಲ್ಲ. ನೀನು ನನ್ನ ಹೆಸರು ಹೇಳಿದ್ದೀಯ ಅಂದರೆ ಏನೋ ಕಾರಣವಿರಬೇಕು, ಮಗುವಿನ ಮುಂದೆ ನಿನ್ನ ಮುಖ ಇಳಿಯಬಾರದು ಅನ್ನಿಸಿತು. ನನ್ನ ಹಳೆಯ ಸರಕನ್ನೇ ತೆಗೆದೆ.

'ನೋಡೋಣ.'

'ನೋಡೋಣ ಅಂದ್ರೆ ಹೌದಾ, ಇಲ್ವಾ?'

'ನೋಡೋಣ ಅಂದ್ರೆ ನೋಡೋಣ.'

'ಯಾರು ನೋಡೋದು ತಾತ? ಯಾವಾಗ? ಏಪ್ರಿಲ್ ಕೊನೆಗೆ ಸೇರ್ಕೋಬೇಕು. ಆಮೇಲೆ ನೋಡಿದ್ರೆ ಕ್ರೇನ್ ಕಾಣುತ್ತೆ, ಅದರ ಮೇಲೆ ನಾನು ಕಾಣಲ್ಲ.'

ಮಾತಿಗೆ ಮಾತು ಹೇಗೆ ಸೇರಿಸುತ್ತಾಳೆ ನೋಡು! 'ನಿಮ್ಮಮ್ಮನಿಗೆ ಬರೀತೀನಿ' ಅಂದೆ. 'ಬರೆಯೋದಾ? ಅಯ್ಯೋ ತಾತ, ಬಸ್ಸಿನಲ್ಲಿ ಹೋಗಿ ಬನ್ನಿ, ಬೇಗ ಆಗುತ್ತೆ' ಅಂದು ಇಟ್ಟಳು.

ನನ್ನ ಇಷ್ಟು ವರ್ಷದ ಬದುಕಿನಲ್ಲಿ ಯಾಕೆ ಬೇಡ ಅಂದ್ರಿ ಅಂತ ಯಾರೂ ನನ್ನನ್ನು ಕೇಳಿದ್ದಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಹೇಗನ್ನಿಸಿತು ಅಂದರೆ, ಯಾರೋ ಒಳಗೆ ಬಂದು ಕಿಟಕಿ ತೆಗೆದ ಹಾಗೆ.

ನನಗೆ ತಿಳಿದಮಟ್ಟಿಗೆ ಈ ವಿಷಯ ನನ್ನ ಹತ್ತಿರ ಬಂದೇ ಇಲ್ಲ. ವಯಸ್ಸಾಯಿತು, ನೀನು ಹೇಳಿ ನಾನು ಮರೆತಿದ್ದರೆ ತಿಳಿಸು.

ಕಾಯುತ್ತಿರುವ,
ಅಪ್ಪ

*

ಏಪ್ರಿಲ್ 6

ಅಪ್ಪನಿಗೆ ನಮಸ್ಕಾರ.

ನೀವು ಮರೆತಿಲ್ಲ. ನಾನು ನಿಮ್ಮನ್ನು ಕೇಳಿಲ್ಲ. ಅವಳು ನಿಮಗೆ ಫೋನ್ ಮಾಡುತ್ತಾಳೆ ಅಂತ ನನಗೆ ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ಯಾರು ನಿಮ್ಮನ್ನು ಹೋಗಿ ಕೇಳುತ್ತಿದ್ದರು ಹೇಳಿ.

ಆ ಕ್ರೇನನ್ನು ನೀವು ನೋಡಿಲ್ಲ. ನನ್ನ ಕಿಟಕಿಯಿಂದ ದಿನಾ ಕಾಣುತ್ತದೆ. ಮೇಲೆ ಒಂದು ಗಾಜಿನ ಗೂಡು, ಅದರಲ್ಲಿ ಒಬ್ಬ ಮನುಷ್ಯ, ಕಾಲ ಕೆಳಗೂ ಗಾಜು. ಗಾಳಿ ಬೀಸಿದರೆ ಗೂಡು ಓಲಾಡುತ್ತದೆ. ನಾನು ಕೆಲಸಕ್ಕೆ ಸೇರಿದ ವರ್ಷ ಏಣಿಯಿಂದ ಒಬ್ಬ ಬಿದ್ದ. ನಾನು ನೋಡಿದ್ದೇನೆ. ಅದಕ್ಕಿಂತ ಹೆಚ್ಚು ಬರೆಯಲಾರೆ.

ನಾನು ಬೇಡ ಅಂದರೆ ಅವಳು ವಾದಕ್ಕೆ ನಿಲ್ಲುತ್ತಾಳೆ, ಮತ್ತು ಗೆಲ್ಲುತ್ತಾಳೆ. ಇವರನ್ನು ಕೇಳಿದರೆ, 'ನಿಮ್ಮಪ್ಪ ಏನಂತಾರೋ ಕೇಳು' ಅಂತ ಪೇಪರಿನ ಕಡೆ ತಿರುಗಿದರು. ಆಗಲೇ ನನಗೆ ದಾರಿ ಕಂಡದ್ದು. ತಾತ ಬೇಡ ಅಂದ್ರು ಅಂದರೆ ವಾದವಿಲ್ಲ. ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಹೇಗೂ ಮಾತು ಬಂತು, ಬರೆದೇಬಿಡುತ್ತೇನೆ. ನನಗೆ ಹದಿನೆಂಟಾಗಿದ್ದಾಗ ಹಡಗಿನ ಎಂಜಿನ್ ತರಬೇತಿಗೆ ಸೀಟು ಸಿಕ್ಕಿತ್ತು. ನೀವು ಮುಂದಿನ ಕೋಣೆಯಲ್ಲಿ ಕುರ್ಚಿಯಲ್ಲಿ ಕೂತಿದ್ದಿರಿ. ನಾನು ಅಡುಗೆಮನೆಯಲ್ಲಿ ಅಮ್ಮನ ಕೈ ಹಿಡಿದು, ಹೋಗಿ ಕೇಳಮ್ಮ ಅಂತ ಕಳಿಸಿದೆ. ಸ್ವಲ್ಪ ಹೊತ್ತಿಗೆ ಬಂದಳು. ಬಾಗಿಲಲ್ಲೇ ನಿಂತು 'ಅಪ್ಪ ಬೇಡ ಅಂದ್ರು' ಅಂದಳು. ಅಷ್ಟೇ. ಮೂರು ಪದ. ಕಾರಣ ಇಲ್ಲ, ಯಾಕೆ ಏನು ಇಲ್ಲ. ಅವಳ ಹೆಗಲ ಮೇಲಿಂದ ನಿಮ್ಮ ಪೇಪರ್ ಕಾಣುತ್ತಿತ್ತು. ನೀವು ಹಾಳೆ ಮಗುಚಿದಿರಿ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ ಅಪ್ಪ.

ನಾನು ಎದುರಾಡಲಿಲ್ಲ. ನೀವು ಅದನ್ನು ಮರ್ಯಾದೆ ಅಂದುಕೊಂಡಿರಿ ಅಂತ ಮೊನ್ನೆ ನಿಮ್ಮ ಕಾಗದದಲ್ಲಿ ಓದಿದೆ.

ನಿಮ್ಮಿಂದ ನಾನು ಇದುವರೆಗೆ ಏನೂ ಕೇಳಿಲ್ಲ. ಈಗ ಇದೊಂದನ್ನು ಕೇಳುತ್ತೇನೆ. ಏಪ್ರಿಲ್ ಮುಗಿಯುವವರೆಗೆ ಆ 'ಬೇಡ' ನಿಮ್ಮದಾಗಿಯೇ ಇರಲಿ. ನೀವು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಕೂತಿದ್ದರೆ ಸಾಕು. ಅದು ನಿಮಗೆ ಚೆನ್ನಾಗಿ ಬರುತ್ತದೆ.

ನಿಮ್ಮ ಮಗಳು

*

ಏಪ್ರಿಲ್ 13

ಇವಳೇ,

ನಿನಗೆ ಕಾಗದ ಬರೆಯುತ್ತಿದ್ದೇನೆ ಅಂದರೆ ಪಕ್ಕದ ಮನೆಯವರು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಕಳಿಸಲು ವಿಳಾಸವಿಲ್ಲ. ಬರೆದು ಒಲೆಗೆ ಹಾಕುತ್ತೇನೆ, ಇಲ್ಲ ನಿನ್ನ ಸೀರೆಗಳ ಕೆಳಗಿಡುತ್ತೇನೆ. ಆದರೆ ಇದನ್ನು ಇನ್ಯಾರನ್ನು ಕೇಳಲಿ?

ನೀನು ನನ್ನನ್ನು ಯಾವಾಗ ಕೇಳಿದೆಯೇ?

ನಾನು ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ ಆ ದಿನ ಸಿಗುತ್ತದೆ, ಪೇಪರ್ ಸಿಗುತ್ತದೆ, ನೀನು ಬಂದು ಕಿಟಕಿಯ ಕಟ್ಟೆ ಒರೆಸಿದ್ದು ಸಿಗುತ್ತದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಏನೋ ಹೇಳಲು ಬಂದಿದ್ದಾಳೆ ಅಂದುಕೊಂಡೆ. ನೀನು ಹೇಳಲಿಲ್ಲ. ನಾನೂ ತಲೆ ಎತ್ತಲಿಲ್ಲ. ನೀನು ಬಟ್ಟೆ ಹಿಡಿದು ಒಳಗೆ ಹೋದೆ. ಅಷ್ಟೇ ನಡೆದದ್ದು.

ಸೀಟಿನ ಕಾಗದ ಅಂಚೆಯಲ್ಲಿ ಬಂದದ್ದನ್ನು ನಾನೂ ನೋಡಿದ್ದೆ, ಅದೇ ವಾರ ನಾನೇ ಕೇಳಿದೆ, ನೆನಪಿದೆಯಾ? 'ಹಡಗಿನ ವಿಷಯ ಏನಾಯ್ತು?' ನೀನು ಚಪ್ಪಲಿ ಜೋಡಿಸುತ್ತ ಬೆನ್ನು ತಿರುಗಿಸಿಯೇ ಹೇಳಿದೆ, 'ಅವಳೇ ಬೇಡ ಅಂದ್ಲು ಕಣ್ರೀ.' ನಾನು 'ಓ' ಅಂದೆ.

ಅವಳಿಗೆ ಅಪ್ಪ ಬೇಡ ಅಂದ್ರು. ನನಗೆ ಅವಳೇ ಬೇಡ ಅಂದ್ಲು. ನಡುವೆ ಒಂದು ಗೋಡೆ, ಆ ಗೋಡೆಗೆ ಒಂದು ಬಾಗಿಲು, ಬಾಗಿಲಲ್ಲಿ ನೀನು. ಎಂಥ ಕೆಲಸ ಮಾಡಿದೆಯೇ! ನಾನು ಏನು ಮಾಡಿಕೊಂಡಿದ್ದೆ ಅಂತ ನಿನಗೆ ಗೊತ್ತಿತ್ತಾ? ಡಿಪೋದ ಹೆಡ್ ಮೆಕ್ಯಾನಿಕ್ಕನನ್ನು ಕೂರಿಸಿಕೊಂಡು, ಹಡಗಿನ ಎಂಜಿನ್ ಹೇಗಿರುತ್ತಪ್ಪಾ ಅಂತ ಕೇಳಿದ್ದೆ. 'ಸಾರ್, ನಮ್ಮದು ಹೊಲಿಗೆ ಮಷೀನು, ಅದು ಮೂರಂತಸ್ತಿನ ಮನೆ. ಅದರೊಳಗೆ ಮೆಟ್ಟಿಲು ಹತ್ತಿಕೊಂಡು ಓಡಾಡ್ತಾರೆ' ಅಂದ. ಮನೆಗೆ ಬಂದು ಅವಳಿಗೆ ಹೇಳಬೇಕು ಅಂತಿದ್ದೆ. ಹೇಗೆ ಶುರುಮಾಡುವುದು ಅಂತ ತಿಳಿಯದೆ ಪೇಪರ್ ಹಿಡಿದುಕೊಂಡೆ. ಆಮೇಲೆ ನಿನ್ನ ಮಾತು ಬಂತು. ಮಾತೇ ಮುಗಿಯಿತು.

ಎರಡು ದಿನ ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದೆ. ನಿನ್ನ ಫೋಟೋದ ಕಡೆ ನೋಡದೆಯೇ ಓಡಾಡಿದೆ. ಮೂರನೆಯ ದಿನ ನಿನ್ನ ಕುರ್ಚಿಯಲ್ಲಿ ಕೂತೆ, ಅಡುಗೆಮನೆಯ ಬಾಗಿಲ ಹತ್ತಿರದ್ದು. ಅಲ್ಲಿಂದ ನಾನು ಯಾವಾಗಲೂ ಕೂರುವ ಜಾಗ ನೋಡಿದರೆ ಏನು ಕಾಣುತ್ತದೆ ಗೊತ್ತಾ? ಪೇಪರ್ ಇದ್ದರೆ ಪೇಪರೇ ಕಾಣುತ್ತದೆ. ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ನಂಬಿಕೊಂಡು ಬದುಕಬೇಕು.

ನಿನಗೆ ಭಯವಿತ್ತು. ನೀರಿನ ಭಯ, ದೂರದ ಭಯ, ಮಗಳು ಹೋದರೆ ಈ ಮನೆಯಲ್ಲಿ ಮಾತಾಡಲು ಯಾರು ಎನ್ನುವ ಭಯ. 'ನನಗೆ ಭಯ, ಬೇಡ' ಅಂತ ನೀನೇ ಅನ್ನಬಹುದಿತ್ತು. ಅಂದಿದ್ದರೆ ಯಾರು ಕೇಳುತ್ತಿದ್ದರು? ನಾನು 'ನಿನಗೇನು ಗೊತ್ತಾಗುತ್ತೆ ಸುಮ್ನಿರು' ಅನ್ನುತ್ತಿದ್ದೆ. ಮಗಳು 'ಅಮ್ಮಾ ನಿನಗೆ ತಿಳಿಯಲ್ಲ' ಅನ್ನುತ್ತಿದ್ದಳು. ನಿನ್ನ ಬೇಡಕ್ಕೆ ನಮ್ಮ ಮನೆಯಲ್ಲಿ ಕಾಲೇ ಇರಲಿಲ್ಲ, ಅದಕ್ಕೇ ನನ್ನ ಕಾಲು ಎರವಲು ತಂದು ನಿಲ್ಲಿಸಿದೆ. ಅವು ಖಾಲಿ ಬಿದ್ದಿದ್ದವು, ನೀನು ಬಳಸಿಕೊಂಡೆ. ಕಳ್ಳತನ ಅಂತ ಹೇಗನ್ನಲಿ?

ಮತ್ತೆ ಸೈಕಲ್ಲು ನೆನಪಾಯಿತು. ಅವಳು ಹೈಸ್ಕೂಲಿಗೆ ಹೋದಾಗ ಒಂದು ಸಂಜೆ ಬಾಗಿಲಲ್ಲಿ ಬಂದು ನಿಂತು, ಮುಖವೆಲ್ಲ ಕೆಂಪಗೆ ಮಾಡಿಕೊಂಡು 'ಥ್ಯಾಂಕ್ಸ್ ಅಪ್ಪ' ಅಂತ ಹೇಳಿ ಓಡಿಹೋದಳು. ಯಾಕೆ ಅಂತ ನನಗೆ ಗೊತ್ತೇ ಇರಲಿಲ್ಲ. ಹೊರಗೆ ಹೋಗಿ ನೋಡಿದರೆ ನೀಲಿ ಸೈಕಲ್ಲು. ಅದು ನೀನು ಕೊಡಿಸಿದ್ದು. ಅವಳಿಗೆ ನೀನು 'ಅಪ್ಪ ಕೊಡಿಸಿದಾರೆ' ಅಂದಿದ್ದೆ. ನಾನು ಏನು ಮಾಡಿದೆ? ಹೂಂ ಅಂದೆ. ಆ ಥ್ಯಾಂಕ್ಸನ್ನು ಜೇಬಿಗಿಳಿಸಿದೆ. ಇನ್ನೂ ಎಷ್ಟು ಇಳಿಸಿದ್ದೇನೋ.

ಆ ಸೈಕಲ್ಲನ್ನು ಇಟ್ಟುಕೊಂಡವನು ಈ ಬೇಡವನ್ನೂ ಇಟ್ಟುಕೊಳ್ಳಬೇಕು. ಹೌದಾ, ಇಲ್ವಾ? ಹೇಳು. ನಿನ್ನ ಮೊಮ್ಮಗಳ ಹಾಗೆ ಕೇಳುತ್ತಿದ್ದೇನೆ.

ಮಗಳಿಗೆ ನಿನ್ನನ್ನು ಹಿಡಿದುಕೊಡುವುದಿಲ್ಲ. ಅವಳಿಗೆ ಅಮ್ಮ ಅಂತ ಉಳಿದಿರುವುದು ನೆನಪೊಂದೇ. ನನ್ನ ಮೇಲೆ ಕೋಪ ಮಾಡಿಕೊಂಡು ಅವಳಿಗೆ ಅಭ್ಯಾಸವಾಗಿದೆ, ನನಗೂ ಅಭ್ಯಾಸವಾಗುತ್ತದೆ.

ಆದರೆ ಮೊಮ್ಮಗಳ ವಿಷಯದಲ್ಲಿ ನನ್ನ ಹೆಸರು ವಾಪಸ್ಸು ತೆಗೆದುಕೊಳ್ಳುತ್ತೇನೆ. ಅದಕ್ಕೆ ನೀನು ಬೇಡ ಅನ್ನಬೇಡ.

ನಿನ್ನ,
ಏನ್ರೀ

*

ಏಪ್ರಿಲ್ 14

ಮಗಳೇ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಅಂತ ಶುರುಮಾಡಿ ಹೊಡೆದುಹಾಕಿದೆ. ಈ ಕಾಗದಕ್ಕೆ ಅದು ಹೊಂದುವುದಿಲ್ಲ.

ಹೌದು. ಆವತ್ತು ಬೇಡ ಅಂದದ್ದು ನಾನೇ. ನಿಮ್ಮಮ್ಮ ಬಂದು ಕೇಳಿದಳು, ನಿನ್ನ ಪರವಾಗಿಯೇ ಮಾತಾಡಿದಳು, ನಾನು ಬೇಡ ಅಂದೆ. ಮೊದಲನೆಯದಾಗಿ ಅದು ಬಹಳ ದೂರ. ಜೊತೆಗೆ ಆ ವರ್ಷ ಅಲ್ಲಿ ಹೆಣ್ಣುಮಕ್ಕಳು ಬೇರೆ ಯಾರೂ ಇರಲಿಲ್ಲ ಅಂತ ಕೇಳಿದ್ದೆ. ಅದೂ ಅಲ್ಲದೆ ಎಂಜಿನ್ ಕೋಣೆಯ ಶಾಖ, ಶಬ್ದ ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ ನಮ್ಮ ಮೆಕ್ಯಾನಿಕ್ ಹೇಳಿದ್ದ. ಇವು ಯಾವುವೂ ಸರಿಯಾದ ಕಾರಣವಲ್ಲ ಅಂತ ಈಗ ಗೊತ್ತಾಗುತ್ತದೆ. ತಪ್ಪಾಯಿತು. ತಪ್ಪಾಯಿತು ಅಂತ ಬರೆದು ನನಗೆ ಅಭ್ಯಾಸವಿಲ್ಲ, ಅಕ್ಷರ ಓರೆಯಾಗಿದ್ದರೆ ಹೊಂದಿಸಿಕೊಂಡು ಓದು.

ನೀನು ಕೇಳಿದ ಇನ್ನೊಂದನ್ನು ಮಾತ್ರ ನನ್ನಿಂದ ಕೊಡಲಾಗುವುದಿಲ್ಲ. ನಿನ್ನೆ ಸಂಜೆ ಚಿನಕುರಳಿಗೆ ಫೋನ್ ಮಾಡಿದೆ. ಊಟ ಆಯ್ತಾ ಅಂತ ಕೇಳಲಿಲ್ಲ. 'ನಾನು ಬೇಡ ಅಂದಿದ್ದೆನಲ್ಲ, ಈಗ ಅನ್ನಲ್ಲ' ಅಂದೆ. 'ಹಾಗಂದ್ರೆ ಹೌದು ಅಂತಾನಾ?' ಅಂದಳು. ಬಿಡುವ ಪೈಕಿಯಲ್ಲ. 'ನನ್ನ ಕಡೆಯಿಂದ ಹೌದು. ನಿಮ್ಮಮ್ಮಂದು ನಿಮ್ಮಮ್ಮನ್ನೇ ಕೇಳು' ಅಂದೆ.

ಕೋಪ ಬರುತ್ತದೆ, ಬರಲಿ. ಆ ಏಣಿ, ಆ ಗಾಜು, ಆ ಬಿದ್ದವನು, ಇದೆಲ್ಲ ನೀನು ನೋಡಿದ್ದು, ನಿನ್ನ ಭಯ. ಅದಕ್ಕೆ ತೂಕವಿದೆ. ಬೇಡ ಅನ್ನುವುದಾದರೆ ನೀನೇ ಅನ್ನು, ನಿನ್ನ ಬಾಯಲ್ಲಿ, ಎದುರು ಕೂತು. ಅವಳು ವಾದ ಮಾಡಲಿ. ಗೆದ್ದರೆ ಗೆಲ್ಲಲಿ. ಸಾಹೇಬರು ಹೇಳಿದಾರಂತೆ ಅನ್ನುವುದಕ್ಕೆ ಇನ್ನು ಮುಂದೆ ಸಾಹೇಬರು ಸಿಗುವುದಿಲ್ಲ. ರಿಟೈರ್ಡ್.

ಅಪ್ಪ

*

ಆಗಸ್ಟ್ 21

ಅಪ್ಪನಿಗೆ,

ಇಷ್ಟು ದಿನ ಬರೆಯಲಿಲ್ಲ. ಫೋನನ್ನೂ ಮಾಡಲಿಲ್ಲ. ನೀವು ಮಾಡಿದಾಗ ಎತ್ತಲಿಲ್ಲ. ಕೋಪ ಇತ್ತು, ಎರಡು ತರಹದ್ದು. ಒಂದು ಬೇಗ ಹೋಯಿತು, ಇನ್ನೊಂದು ಏನು ಅಂತ ನನಗೇ ತಿಳಿಯಲು ಇಷ್ಟು ಹೊತ್ತು ಬೇಕಾಯಿತು.

ಅವಳು ಟ್ರೈನಿಂಗಿಗೆ ಬೇರೆ ಊರಿಗೆ ಹೋದಳು. ಅದು ನಿಮಗೆ ಅವಳಿಂದಲೇ ಗೊತ್ತಿರುತ್ತದೆ. ಹೋಗುವ ಮೊದಲು ನಡೆದದ್ದನ್ನು ಹೇಳಿರಲಾರಳು.

ನಿಮ್ಮ ಫೋನ್ ಬಂದ ದಿನ ನಾನು ಎದುರು ಕೂತು 'ನಾನು ಬೇಡ ಅಂತೀನಿ' ಅಂದೆ. ಯಾಕೆ ಅಂದಳು. ಕಾರಣಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. 'ನಂಗೆ ಭಯ ಕಣೇ' ಅಂತ ಅತ್ತುಬಿಟ್ಟೆ. ಗೋದಾಮಿನಲ್ಲಿ ನಾನು ಹುಬ್ಬು ಏರಿಸಿದರೆ ಲಾರಿಗಳು ಹಿಂದೆ ಹೋಗುತ್ತವೆ. ಅವಳ ಮುಂದೆ ಮೂಗು ಸುರಿಸಿಕೊಂಡು ಕೂತಿದ್ದೆ.

'ಅಮ್ಮಾ, ಇದನ್ನ ಮೊದಲೇ ಹೇಳಬಾರದಿತ್ತಾ? ಭಯ ಅಂದಿದ್ರೆ ಪಕ್ಕದಲ್ಲಿ ಕೂತು ಸಮಾಧಾನ ಮಾಡ್ತಿದ್ದೆ. ತಾತ ಅಂದ್ರೆ ನಾನೇನು ಮಾಡ್ಲಿ?' ಅಂದಳು. ಮಾರನೆಯ ದಿನ ನನ್ನನ್ನು ಎಳೆದುಕೊಂಡು ಹೋಗಿ ಕ್ರೇನಿನ ಬುಡದಲ್ಲಿ ನಿಲ್ಲಿಸಿದಳು. ಏಣಿಗೆ ಈಗ ಸುತ್ತ ಕಬ್ಬಿಣದ ಬಳೆ ಹಾಕಿದ್ದಾರೆ, ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ, ಎಲ್ಲ ತೋರಿಸಿದಳು. ನನ್ನ ಭಯ ಹೋಗಲಿಲ್ಲ. ಆದರೆ ಹೋಗು ಅಂದೆ. ನನ್ನ ಬಾಯಲ್ಲೇ ಅಂದೆ.

ಈಗ ಕೆಲಸದ ನಡುವೆ ಕಿಟಕಿಯ ಹತ್ತಿರ ಹೋಗಿ ಕತ್ತೆತ್ತಿ ನೋಡುತ್ತೇನೆ. ಅಲ್ಲಿರುವುದು ಯಾರ ಮಕ್ಕಳೋ.

ಇನ್ನೊಂದು ಕೋಪದ ವಿಷಯ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಪ್ರತಿ ಸಲವೂ ಒಂದೇ ಕಡೆ ಮುಗ್ಗರಿಸುತ್ತೇನೆ. ನೀವು ಕಾರಣ ಕೊಟ್ಟಿದ್ದೀರಿ. ದೂರ, ಹೆಣ್ಣುಮಕ್ಕಳಿರಲಿಲ್ಲ, ಶಾಖ, ಶಬ್ದ. ಅಪ್ಪ, ನೀವು ಯಾವತ್ತು ಬೇಡಕ್ಕೆ ಕಾರಣ ಕೊಟ್ಟಿದ್ದೀರಿ? ನಿಮ್ಮ ಬೇಡಕ್ಕೆ ಹಿಂದೆ ಮುಂದೆ ಏನೂ ಇರುತ್ತಿರಲಿಲ್ಲ. ಇಷ್ಟು ಕಾರಣ ಇರುವ ಬೇಡ ನಿಮ್ಮದಲ್ಲ. ಮತ್ತೆ, ಅಮ್ಮ ನನ್ನ ಪರವಾಗಿ ಮಾತಾಡಿದಳು ಅಂತ ಬರೆದಿದ್ದೀರಿ. ಅಮ್ಮ ಸಮುದ್ರದ ಪರವಾಗಿ ಮಾತಾಡುತ್ತಾಳಾ? ನನ್ನನ್ನು ನೋಡಲು ಇಲ್ಲಿಗೆ ಬಂದಾಗ ದಂಡೆಯ ಕಡೆಯ ಕಿಟಕಿ ಮುಚ್ಚಿಸುತ್ತಿದ್ದಳು.

ನಾನೂ ಈಗ ಒಂದು ಸಲ ನಿಮ್ಮ ಹೆಸರು ಹೇಳಿ ಮಾಡಿದ್ದೇನೆ. ಎಷ್ಟು ಸುಲಭ ಅಂತ ಗೊತ್ತಾಗಿದೆ.

ನೇರವಾಗಿ ಕೇಳುತ್ತೇನೆ. ಆವತ್ತು ಅಮ್ಮ ನಿಮ್ಮನ್ನು ಕೇಳಿದ್ದಳಾ?

ಮಗಳು

*

ಸೆಪ್ಟೆಂಬರ್ 3

ಮಗಳೇ,

ಕೇಳಿರಲಿಲ್ಲ.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ನನ್ನ ಸ್ವಭಾವ ನಿನಗೆ ಗೊತ್ತು, ಬಾಯಲ್ಲಿ ಮೂಗ, ಕಾಗದದಲ್ಲಿ ಹರಟೆಮಲ್ಲ.

ನಿಮ್ಮಮ್ಮ ಆವತ್ತು ಬಂದಳು, ಕಿಟಕಿಯ ಕಟ್ಟೆ ಒರೆಸಿದಳು, ಹೋದಳು. ಕೇಳಲೆಂದೇ ಬಂದಿದ್ದಳೋ ಏನೋ. ನಾನು ಪೇಪರ್ ಇಳಿಸಿ 'ಏನೇ?' ಅಂದಿದ್ದರೆ ಕೇಳುತ್ತಿದ್ದಳೋ ಏನೋ. ನೀನು ಕೇಳಿಸಿಕೊಂಡ ಆ ಹಾಳೆಯ ಸದ್ದು ನಿಜ. ಅಷ್ಟು ಮಾತ್ರ ನನ್ನದು. ಅವಳ ಮೇಲೆ ಕೋಪ ಬಂದರೆ, ಅಡುಗೆಮನೆಯ ಬಾಗಿಲ ಹತ್ತಿರ ಅವಳ ಕುರ್ಚಿ ಇನ್ನೂ ಇದೆ, ಬಂದು ಒಂದು ಸಲ ಕೂತು ನೋಡು. ನಾನು ಕೂತು ನೋಡಿದೆ.

ಇನ್ನೊಂದು ಪ್ರಶ್ನೆಯನ್ನು ನೀನು ಕೇಳಿಲ್ಲ. ಬರೆದು ಹೊಡೆದುಹಾಕಿರಬೇಕು, ಕೊನೆಯ ಸಾಲಿನ ಕೆಳಗೆ ಒಂದು ಕಡೆ ಶಾಯಿ ಗಟ್ಟಿಯಾಗಿದೆ. ಕೇಳಿದ್ದರೆ ನಾನು ಏನು ಅನ್ನುತ್ತಿದ್ದೆ ಅಂತ ತಾನೇ? ಹೂಂ ಅನ್ನುತ್ತಿದ್ದೆ ಅಂತ ಬರೆಯಲು ಬಹಳ ಆಸೆ. ಎಂಜಿನ್ ಹೇಗಿರುತ್ತದೆ ಅಂತ ವಿಚಾರಿಸಿಕೊಂಡು ಬಂದಿದ್ದೆ, ಮೂರಂತಸ್ತಿನ ಮನೆಯ ಹಾಗೆ, ಒಳಗೆ ಮೆಟ್ಟಿಲು ಇರುತ್ತವೆ ಅಂತ ನಿನಗೆ ಹೇಳಬೇಕು ಅಂತಿದ್ದೆ. ಅದು ನಿಜ. ಆದರೆ ನೀನೇ ಬೇಡ ಅಂದೆ ಅಂತ ನಿಮ್ಮಮ್ಮ ಹೇಳಿದಾಗ ಎದೆ ಹಗುರವಾಯಿತು. ಅದೂ ನಿಜ. ನಿನ್ನನ್ನು ಕರೆದು, 'ಯಾಕಮ್ಮಾ ಬೇಡ ಅಂದೆ?' ಅಂತ ಒಂದು ಮಾತು ಕೇಳಲಿಲ್ಲ. ಅಪ್ಪ ಅಂದವನು ಹಾಗೆಲ್ಲ ಹೋಗಿ ಕೇಳುತ್ತಾನೆಯೇ?

ಆ ಮನುಷ್ಯ ಏನು ಅನ್ನುತ್ತಿದ್ದ ಅಂತ ನನಗೆ ಗೊತ್ತಿಲ್ಲ ಮಗಳೇ. ಅವನನ್ನು ಯಾರೂ ಏನೂ ಕೇಳಲಿಲ್ಲ. ಯಾರೂ ಕೇಳದ ಹಾಗೆ ಅವನು ಕೂತಿದ್ದ. ಎಲ್ಲರೂ ಅವನ ಮಾತು ಕೇಳಿಕೊಂಡೇ ಬದುಕಿದರು, ಅವನು ಆಡದ ಮಾತನ್ನು. ಈಗ ಹೋಗಿ ಕೇಳೋಣ ಅಂದರೆ ಅವನು ಸಿಗುವುದಿಲ್ಲ. ಸಿಕ್ಕಿದ್ದರೆ ನಿನಗಾಗಿ ನಾನೇ ಹೋಗಿ ಪೇಪರ್ ಕಿತ್ತುಕೊಂಡು ಕೇಳುತ್ತಿದ್ದೆ.

ಫೆಬ್ರವರಿಯಲ್ಲಿ ನಿನಗೆ 'ಇತ್ತ ಬಂದರೆ ಆಗಬಹುದು' ಅಂತ ಬರೆದಿದ್ದೆ. ಅದು ಗೋಡೆ ಹಳದಿಯಿತ್ತಲ್ವಾ ಅನ್ನುವ ಹಾಗಿನ ಮಾತು. ನೀನೂ ಸರಿಯಾಗಿಯೇ ನೋಡೋಣ ಅಂದೆ. ಅದನ್ನು ಹೊಡೆದುಹಾಕಿ ಇನ್ನೊಂದು ಸಲ ಬರೆಯುತ್ತೇನೆ. ಇಂಗ್ಲಿಷ್ ಮೇಷ್ಟ್ರು ಇದಕ್ಕೆ ಆ್ಯಕ್ಟಿವ್ ವಾಯ್ಸ್ ಅನ್ನುತ್ತಿದ್ದರು.

ನಾನು ನಿನ್ನನ್ನು ನೋಡಬೇಕು. ಬರ್ತೀಯಾ?

ಬೇಡ ಅನ್ನಿಸಿದರೆ ಬೇಡ ಅನ್ನು. ಕಾರಣ ಬೇಕಾಗಿಲ್ಲ. ಚಿನಕುರಳಿಯ ಕೈಲಿ ಹೇಳಿಸಬೇಡ. ಕೆಲಸ ಜಾಸ್ತಿ, ಹಡಗು ಬಂದಿದೆ ಅನ್ನಬೇಡ. ಫೋನ್ ಮಾಡು, ನಾನು ಎತ್ತುತ್ತೇನೆ, ಊಟ ಆಯ್ತಾ ಅನ್ನುವುದಿಲ್ಲ.

ಹೌದೋ, ಬೇಡವೋ, ನನಗೇ ಹೇಳು.

ಅಪ್ಪ